ದನಿ ಹೋದ ಮೇಲೆ ಹಾಡಿದವಳು

ಒಂದು ಚುನಾವಣೆ. ಮತ ಎಣಿಕೆಯ ದಿನ ಬೆಳಗ್ಗೆ ಆರಕ್ಕೆ ಸ್ಟುಡಿಯೋದಲ್ಲಿ ಕೂತವನು ಎದ್ದದ್ದು ರಾತ್ರಿ ಹತ್ತಕ್ಕೆ. ಮರುದಿನ ಬಾಯಿ ತೆರೆದರೆ ಬರೀ ಗಾಳಿ! ದನಿಯೇ ಇಲ್ಲ. ನಾಲ್ಕು ದಿನ ಮಾತಾಡಲೇಬಾರದು ಅಂದರು ಡಾಕ್ಟರ್. ಮಾತನ್ನೇ ಮಾರಿ ಬದುಕುವವನಿಗೆ ಇದಕ್ಕಿಂತ ಶಿಕ್ಷೆ ಬೇಕಾ? ಆಗ ನಮ್ಮ ಸೌಂಡ್ ವಿಭಾಗದ ಹುಡುಗ ಒಂದು ಆಲ್ಬಂ ಕಳಿಸಿ, ಕೆಳಗೆ ಬರೆದಿದ್ದ: "ಸರ್, ಹೆಂಗೂ ಮಲಗಿರ್ತೀರಲ್ಲ, ಇದನ್ನ ಕೇಳಿ. ಈಯಮ್ಮನ ದನಿ ನಿಮ್ಮದಕ್ಕಿಂತ ಹಾಳಾಗಿದೆ."

ಆಲ್ಬಂ ಹೆಸರು 'ಲೇಡಿ ಇನ್ ಸ್ಯಾಟಿನ್'. ಹಾಡಿದ್ದು ಬಿಲ್ಲಿ ಹಾಲಿಡೇ. 1958ರಲ್ಲಿ ಬಂದದ್ದು.

ನಿಜ ಹೇಳ್ತೀನಿ, ಮೊದಲ ಸಲ ಕೇಳಿದಾಗ ಇಷ್ಟ ಆಗಲಿಲ್ಲ. ಹಿಂದೆ ನುಣುಪಾದ ಪಿಟೀಲುಗಳು, ಮುಂದೆ ಒಣಗಿದ, ಬಿರುಕು ಬಿಟ್ಟ ದನಿ. ಉದ್ದದ ಸ್ವರ ಹಿಡಿದರೆ ನಡುಗುತ್ತದೆ. ಇದನ್ನು ಯಾಕೆ ರೆಕಾರ್ಡ್ ಮಾಡಿದರು? ಯಾರೂ ತಡೆಯಲಿಲ್ವಾ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನಿಗೆ ನಾಲ್ಕು ದಿನ ಸಾಲಲಿಲ್ಲ.

ಮೊದಲು ಒಂದು ಚಿಕ್ಕ ವಿವರಣೆ. ಅಮೆರಿಕದ ಜಾಝ್‌ನಲ್ಲಿ 'ಸ್ಟ್ಯಾಂಡರ್ಡ್' ಅಂದರೆ ಎಲ್ಲರಿಗೂ ಗೊತ್ತಿರುವ, ಯಾರು ಬೇಕಾದರೂ ಹಾಡಬಹುದಾದ ಹಾಡು. ಅವುಗಳಲ್ಲಿ ಬಹುಪಾಲು 1920ರಿಂದ 1950ರ ಒಳಗೆ ಬ್ರಾಡ್‌ವೇ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಬರೆದವು. ಅದರಲ್ಲಿ ನಿಧಾನಗತಿಯ ಪ್ರೇಮದ ಹಾಡು, ವಿರಹದ ಹಾಡು 'ಬ್ಯಾಲಡ್'. ನಮ್ಮಲ್ಲಿ ಒಂದೇ ಕೀರ್ತನೆಯನ್ನು ನೂರು ಜನ ಹಾಡುತ್ತಾರಲ್ಲ, ಹಾಗೆಯೇ. ಹಾಡು ಹೊಸದಲ್ಲ, ಆದ್ದರಿಂದ ಕೇಳುವವನ ಗಮನವೆಲ್ಲ ಹಾಡುವವಳ ಮೇಲೆ.

ಉದಾಹರಣೆಗೆ ಈ ಆಲ್ಬಂನ ಮೊದಲ ಹಾಡು, 'ಐ ಆಮ್ ಎ ಫೂಲ್ ಟು ವಾಂಟ್ ಯೂ'. ಇದನ್ನು ಬರೆದವರಲ್ಲಿ ಫ್ರಾಂಕ್ ಸಿನಾತ್ರಾ ಕೂಡ ಒಬ್ಬ. 1951ರಲ್ಲಿ ಅವನೇ ಹಾಡಿದ್ದ. ಹಾಡುವುದರಲ್ಲಿ ತನ್ನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದವಳು ಬಿಲ್ಲಿ ಹಾಲಿಡೇ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅಂದರೆ ಶಿಷ್ಯನ ಹಾಡನ್ನು ಗುರು ವಾಪಸ್ ತಗೊಂಡು ಹಾಡಿದ ಹಾಗಾಯಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಸಿನಾತ್ರಾ ಬೇಡಿಕೊಳ್ಳುತ್ತಾನೆ. ಈಕೆ ಬೇಡುವುದಿಲ್ಲ, ಏನಾಗುತ್ತದೆ ಅಂತ ಮೊದಲೇ ಗೊತ್ತಿರುವವಳ ಹಾಗೆ ಹೇಳಿಬಿಡುತ್ತಾಳೆ.

ಈಗ ದನಿಯ ವಿಷಯ. ಆಗ ಆಕೆಗೆ ಬರೀ 42 ವರ್ಷ. ಮದ್ಯ, ಹೆರಾಯಿನ್, ಸಿಗರೇಟು, ಹೊಡೆಯುವ ಗಂಡಸರು, ಎಲ್ಲವೂ ಇದ್ದವು. ಇಷ್ಟು ಹೇಳಿ 'ಪಾಪ, ಹಾಳಾದಳು' ಅಂತ ಮುಗಿಸುವುದು ಸುಲಭ. ಆದರೆ ಸರ್ಕಾರದ ಪಾತ್ರ? 1947ರಲ್ಲಿ ಮಾದಕವಸ್ತು ಕೇಸಿನಲ್ಲಿ ಜೈಲಿಗೆ ಹೋದಳು. ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್ ಜೈಲಿನಿಂದ 1948ರಲ್ಲಿ ಹೊರಬಂದಳು. ಆದರೆ ನ್ಯೂಯಾರ್ಕ್ ಪೊಲೀಸರು ಆಕೆಗೆ 'ಕ್ಯಾಬರೆ ಕಾರ್ಡ್' ಕೊಡಲಿಲ್ಲ. ಆ ನಗರದಲ್ಲಿ ಮದ್ಯ ಮಾರುವ ಯಾವ ಕ್ಲಬ್ಬಿನಲ್ಲಿ ಹಾಡಬೇಕಾದರೂ ಆ ಕಾರ್ಡ್ ಇರಲೇಬೇಕು. ಜಾಝ್ ಬದುಕಿದ್ದೇ ಅಂಥ ಕ್ಲಬ್ಬುಗಳಲ್ಲಿ! ವಿಚಿತ್ರ ನೋಡಿ: ಜೈಲಿಂದ ಬಂದ ಕೆಲವೇ ದಿನಕ್ಕೆ ಕಾರ್ನೆಗಿ ಹಾಲ್ ತುಂಬಿಸಿದವಳು, ಪಕ್ಕದ ಬೀದಿಯ ಚಿಕ್ಕ ಕ್ಲಬ್ಬಿನಲ್ಲಿ ಹಾಡುವಂತಿರಲಿಲ್ಲ. ಸ್ವಂತ ಊರಿನಲ್ಲಿ ದುಡಿಮೆ ಇಲ್ಲದೆ ಊರೂರು ಅಲೆದಳು. ಈ ಕಾರ್ಡ್ ಪದ್ಧತಿ ರದ್ದಾಗಿದ್ದು 1967ರಲ್ಲಿ, ಆಕೆ ಸತ್ತು ಎಂಟು ವರ್ಷ ಆದ ಮೇಲೆ.

ಇಂಥ ಸ್ಥಿತಿಯಲ್ಲಿ ಆಕೆಯೇ ಬಯಸಿ ಮಾಡಿದ ಆಲ್ಬಂ ಇದು. ರೇ ಎಲ್ಲಿಸ್ ಎಂಬ ಸಂಗೀತ ಸಂಯೋಜಕನ ವಾದ್ಯಗೋಷ್ಠಿಯ ಒಂದು ರೆಕಾರ್ಡ್ ಕೇಳಿದ್ದಳು. ನನಗೂ ಹಿಂದೆ ಅಂಥ ಪಿಟೀಲುಗಳೇ ಬೇಕು ಅಂದಳು. 1958ರ ಫೆಬ್ರುವರಿಯಲ್ಲಿ, ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋದಲ್ಲಿ ಮೂರು ದಿನ ರೆಕಾರ್ಡಿಂಗ್. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ಮರುವರ್ಷ ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಮಾಡಿದ್ದೂ ಅಲ್ಲೇ.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂರುತ್ತಾನೆ. ಅಷ್ಟು ದೊಡ್ಡ ವಾದ್ಯಗೋಷ್ಠಿಯ ಎದುರು ಸೋತ ದನಿಯೊಂದು ಕೇಳಿಸುವುದಾದರೂ ಹೇಗೆ? ಉತ್ತರ: ಮೈಕ್. 1925ಕ್ಕೆ ಮೊದಲು ರೆಕಾರ್ಡಿಂಗ್‌ನಲ್ಲಿ ಮೈಕೇ ಇರಲಿಲ್ಲ. ದೊಡ್ಡ ಕೊಳವೆಯೊಳಕ್ಕೆ ಕೂಗಬೇಕಿತ್ತು, ದನಿಯ ಬಲದಿಂದಲೇ ಸೂಜಿ ಗೀರಬೇಕು. ಮೈಸೂರಿನಲ್ಲಿ ಕೊನೆಯುಸಿರೆಳೆದ ಗೌಹರ್ ಜಾನ್ 1902ರಲ್ಲಿ ಮಾಡಿದ ರೆಕಾರ್ಡ್ ಕೇಳಿದರೆ ಗೊತ್ತಾಗುತ್ತದೆ, ಹಾಡು ಮುಗಿದ ಮೇಲೆ ತಮ್ಮ ಹೆಸರನ್ನೂ ಆಕೆ ಕೂಗಿಯೇ ಹೇಳುತ್ತಾರೆ. ಮೈಕ್ ಬಂದ ಮೇಲೆ ಕೂಗುವ ಅಗತ್ಯ ಹೋಯಿತು. ಪಿಸುಮಾತನ್ನೂ ಪಿಟೀಲುಗಳ ಮೇಲೆ ಎತ್ತಿ ಕೂರಿಸಬಹುದು. ಜೊತೆಗೆ ಇನ್ನೊಂದು ತಮಾಷೆ ಇದೆ. ಒಂದೇ ದಿಕ್ಕಿನಿಂದ ದನಿ ಹಿಡಿಯುವ ಮೈಕ್‌ಗೆ ಬಾಯಿ ಹತ್ತಿರ ತಂದಷ್ಟೂ ದನಿಯ ಕೆಳಭಾಗ ದಪ್ಪಗಾಗುತ್ತದೆ. ಎಫ್ಎಂ ರೇಡಿಯೋದವರ ಗಂಭೀರ ಕಂಠದ ಗುಟ್ಟು ಅರ್ಧ ಇದೇ! ಹತ್ತಿರದ ಮೈಕ್‌ನಲ್ಲಿ ತುಟಿ ಬಿಡಿಸಿದ್ದು, ಉಸಿರು ಎಳೆದದ್ದು ಎಲ್ಲ ಕೇಳುತ್ತದೆ. ಕಿವಿ ಪಕ್ಕ ಕೂತು ಮಾತಾಡಿದಂತೆ ಅನಿಸುವುದು ಅದಕ್ಕೇ.

ಆದರೆ ಮೈಕ್ ಎಲ್ಲರ ಬಳಿಯೂ ಇತ್ತು. ಉಳಿದದ್ದು ಆಕೆಯ ಕೈಚಳಕ. ತಾಳ ಹಾಕಿಕೊಂಡು ಕೇಳಿ. ಪದ ಬೀಳಬೇಕಾದ ಕಡೆ ಬೀಳುವುದಿಲ್ಲ, ಒಂದು ಎಳೆ ತಡವಾಗಿ ಬರುತ್ತದೆ. ವಾದ್ಯಗಳು ಮುಂದೆ ಹೋಗಿರುತ್ತವೆ, ಈಕೆ ಹಿಂದೆ. ಹಾಡು ಜಾರಿಯೇಹೋಯಿತು ಅನ್ನುವಾಗ ಎರಡು ಪದ ಒಟ್ಟಿಗೆ ಸೇರಿಸಿ ಬಂದು ಕೂಡಿಕೊಳ್ಳುತ್ತಾಳೆ. ಲಯ ಗೊತ್ತಿಲ್ಲದವರು ಹೀಗೆ ತಡ ಮಾಡಿದರೆ ಹಾಡು ಬಿದ್ದುಹೋಗುತ್ತದೆ. ಆಕೆ ಎಂದೂ ಸಂಗೀತಶಾಲೆಗೆ ಹೋದವಳಲ್ಲ, ಲೂಯಿ ಆರ್ಮ್‌ಸ್ಟ್ರಾಂಗ್, ಬೆಸ್ಸಿ ಸ್ಮಿತ್ ರೆಕಾರ್ಡು ಕೇಳಿ ಕಲಿತವಳು. ಹರೆಯದಲ್ಲೂ ದೊಡ್ಡ ಕಂಠವೇನಿರಲಿಲ್ಲ, ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಇದ್ದ ನಾಲ್ಕಾರು ಸ್ವರದಲ್ಲಿ ಯಾವುದನ್ನು ಯಾವಾಗ ಇಡಬೇಕು ಅನ್ನುವುದೇ ಆಕೆಯ ವಿದ್ಯೆ. ಆ ವಿದ್ಯೆ ಗಂಟಲಲ್ಲಿ ಇರಲಿಲ್ಲ, ಹಾಗಾಗಿ ಗಂಟಲು ಹೋದಾಗ ಅದು ಹೋಗಲಿಲ್ಲ.

ಇದನ್ನು ರೇ ಎಲ್ಲಿಸ್‌ಗೂ ತಕ್ಷಣ ಒಪ್ಪಿಕೊಳ್ಳಲಾಗಲಿಲ್ಲ. ರೆಕಾರ್ಡಿಂಗ್ ಆಗುವಾಗ ತನಗೆ ಅಸಮಾಧಾನವಿತ್ತು ಎಂದು ಆಮೇಲೆ ಆತನೇ ಹೇಳಿಕೊಂಡಿದ್ದಾನೆ. ಆತ ಸ್ವರ ಕೇಳುತ್ತಿದ್ದ, ಭಾವ ಕೇಳುತ್ತಿರಲಿಲ್ಲ. ಕೊನೆಗೆ ಕಂಟ್ರೋಲ್ ರೂಮಿನಲ್ಲಿ ಕೂತು ಪೂರ್ತಿ ಕೇಳಿದಾಗಲೇ ಏನಾಗಿದೆ ಅಂತ ತಿಳಿದದ್ದು. ನಾನೂ ಮೊದಲ ಸಲ ಮಾಡಿದ್ದು ಇದನ್ನೇ. ಎಲೆಕ್ಟ್ರಾನಿಕ್ಸ್ ಪಾಠದಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ: ಸಿಗ್ನಲ್ ಉಳಿಸು, ನಾಯ್ಸ್ ತೆಗೆ. ಈ ಬಿರುಕನ್ನು ನಾನು ನಾಯ್ಸ್ ಅಂದುಕೊಂಡಿದ್ದೆ.

ವಿರೋಧಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಒಬ್ಬಳ ನಾಶವನ್ನು ಕೂತು ಸವಿಯುವುದು ಸರಿಯಾ ಅಂತ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಟಿವಿಯಲ್ಲಿ ದಿನಾ ಕಣ್ಣೀರು ತೋರಿಸುವ ನಮ್ಮಂಥವರಿಗಂತೂ ಚುಚ್ಚುವ ಪ್ರಶ್ನೆ. ಆದರೆ ಅದೇ 1958ರಲ್ಲಿ ಮೈಲ್ಸ್ ಡೇವಿಸ್ ಬೇರೆಯೇ ಮಾತು ಹೇಳಿದ್ದ: ನನಗೆ ಈಗಿನ ಬಿಲ್ಲಿಯೇ ಇಷ್ಟ, ಮಾಗಿದ್ದಾಳೆ ಎಂದು. ನನ್ನ ಓಟು ಮೈಲ್ಸ್‌ಗೆ. ಪಿಟೀಲು ಕೇಳಿ ಪಡೆದವಳು, ಎಲ್ಲಿ ತಡೆದು ನಿಲ್ಲಬೇಕು ಅಂತ ಲೆಕ್ಕ ಹಾಕಿದವಳು ಬರೀ ಬಲಿಪಶು ಆಗಲಾರಳು. ಹಾಂ, ಆ ಹೆಂಗಸರ ಕೋರಸ್ ಮಾತ್ರ ನನಗೆ ಇವತ್ತಿಗೂ ಅತಿ ಸಿಹಿ ಅನಿಸುತ್ತದೆ.

ಆಕೆ ಬದುಕಿದ್ದಾಗ ಹೊರಬಂದ ಕೊನೆಯ ಆಲ್ಬಂ ಇದೇ. 1959ರ ಬೇಸಿಗೆಯಲ್ಲಿ ಆಸ್ಪತ್ರೆ ಹಾಸಿಗೆಯಲ್ಲಿದ್ದವಳನ್ನು ಮತ್ತೆ ಮಾದಕವಸ್ತು ಕೇಸಿನಲ್ಲಿ ಬಂಧಿಸಿ, ಕೋಣೆ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದರು. ಜುಲೈ 17ರಂದು ತೀರಿಕೊಂಡಳು, 44 ವರ್ಷ.

ಕೇಳಬೇಕು ಅನಿಸಿದರೆ ನೇರ ಇದಕ್ಕೇ ಹೋಗಬೇಡಿ. ಮೊದಲು 1937ರಲ್ಲಿ ಟೆಡ್ಡಿ ವಿಲ್ಸನ್ ಪಿಯಾನೋ, ಲೆಸ್ಟರ್ ಯಂಗ್ ಸ್ಯಾಕ್ಸೊಫೋನ್ ಜೊತೆ ಆಕೆ ಹಾಡಿದ್ದನ್ನು ಕೇಳಿ, ಇಪ್ಪತ್ತೊಂದು-ಇಪ್ಪತ್ತೆರಡರ ಹುಡುಗಿಯ ಗೆಲುವಾದ ದನಿ. ಆಮೇಲೆ ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿ, ಇದನ್ನು ಹಚ್ಚಿ. ವಾಲ್ಯೂಮ್ ಕಡಿಮೆ ಇರಲಿ.