ಅರ್ಧ ಬೀಟಲ್, ಇಡೀ ವಿಮಾನ

1968ರಲ್ಲಿ ಮೀರಾ ಸ್ಲೋವಾಕ್ ಎಂಬ ಪೈಲಟ್ ಜರ್ಮನಿಯಿಂದ ಹೊರಟು, ಅಟ್ಲಾಂಟಿಕ್ ದಾಟಿ, ಕ್ಯಾಲಿಫೋರ್ನಿಯಾ ಮುಟ್ಟಿದರು. ಅವರ ಒಂಟಿ ಸೀಟಿನ ಫೂರ್ನಿಯೇ ವಿಮಾನದಲ್ಲಿದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಇಂಜಿನ್ನನ್ನೇ ತಿದ್ದಿ ಮಾಡಿದ, ಸುಮಾರು 40 ಅಶ್ವಶಕ್ತಿಯ 1200 ಸಿ.ಸಿ. ಇಂಜಿನ್.

ಈ ಹುಚ್ಚು ಅದಕ್ಕೂ ಹಳೆಯದು. 1929ರಲ್ಲೇ ಅಮೆರಿಕದ ಮಿನಸೋಟಾದ ಬರ್ನಾರ್ಡ್ ಪೀಟನ್‌ಪೋಲ್ ತಮ್ಮ ಮರದ ವಿಮಾನಕ್ಕೆ ಫೋರ್ಡ್ ಮಾಡೆಲ್ ಎ ಇಂಜಿನ್ ಕೂರಿಸಿದ್ದರು. ರೇಡಿಯೇಟರ್ ನಿಂತದ್ದು ಪೈಲಟ್‌ನ ಕಣ್ಣೆದುರಿಗೇ!

ಕಾರಿನ ಇಂಜಿನ್ನುಗಳು ಸಾಮಾನ್ಯವಾಗಿ ಶಕ್ತಿ ಕೊಡುವುದು ಜೋರಾಗಿ ತಿರುಗಿದಾಗ. ಪ್ರೊಪೆಲ್ಲರಿಗೆ ಅದು ಒಗ್ಗದು. 1.7 ಮೀಟರ್ ಉದ್ದದ ಪ್ರೊಪೆಲ್ಲರನ್ನು ನಿಮಿಷಕ್ಕೆ 5,500 ಸುತ್ತು ತಿರುಗಿಸಿದರೆ ತುದಿ ಶಬ್ದದ ವೇಗವನ್ನು ಮೀರುತ್ತದೆ. ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. ಹಾಗಾಗಿ ಸುಜುಕಿಯ ಮೂರು ಸಿಲಿಂಡರ್ ಇಂಜಿನ್ ಬಳಸುವವರು ನಡುವೆ ಬೆಲ್ಟ್ ಅಥವಾ ಗೇರ್ ಹಾಕಿ ವೇಗ ಇಳಿಸುತ್ತಾರೆ. ಬೀಟಲಿಗೆ ಆ ಉಸಾಬರಿ ಬೇಡ. ಮೂರು ಸಾವಿರ ಚಿಲ್ಲರೆ ಸುತ್ತಿನಲ್ಲೇ ಚಿಕ್ಕ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸಬಲ್ಲದು. ಗಾಳಿಯಲ್ಲೇ ತಣಿಯುವುದರಿಂದ ನೀರು, ರೇಡಿಯೇಟರುಗಳ ಭಾರವೂ ಇಲ್ಲ.

ತೀರಾ ಹಗುರ ವಿಮಾನಗಳಿಗೆ ಅದೂ ಭಾರವೇ. ಅದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಗರಗಸ! ನಾಲ್ಕು ಸಿಲಿಂಡರಿನ ಕ್ರ್ಯಾಂಕ್‌ಕೇಸನ್ನು ಅಡ್ಡಕ್ಕೆ ಕೊಯ್ದು, ಎರಡನ್ನಷ್ಟೇ ಉಳಿಸಿ, ತೆರೆದ ಬಾಯಿಗೆ ಅಲ್ಯೂಮಿನಿಯಂ ಪ್ಲೇಟ್ ಬಿಗಿಯುತ್ತಾರೆ. ಹಮ್ಮಲ್‌ಬರ್ಡ್ ಎಂಬ ಪುಟ್ಟ ವಿಮಾನ ಹಾರುವುದು ಇಂಥ ಅರೆ ಇಂಜಿನ್ನಿನಿಂದಲೇ.

ಪ್ರೊಪೆಲ್ಲರಿನ ಹಬ್ ಕೂರಿಸುವುದು ನೋಡುವಂಥ ಕೆಲಸ. ಎತ್ತಿನಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವ ಹಾಗೆ ಹಬ್ಬನ್ನು ಚೆನ್ನಾಗಿ ಕಾಯಿಸಿ, ಹಿಗ್ಗಿರುವಾಗಲೇ ಕ್ರ್ಯಾಂಕ್‌ಶಾಫ್ಟಿನ ತುದಿಗೆ ತೂರಿಸಬೇಕು. ತಣಿದರೆ ಕಚ್ಚಿಕೊಂಡಿತೆಂದೇ ಲೆಕ್ಕ. ಓರೆಯಾಗಿ ಕೂತರೆ ತಿದ್ದಲು ಪುರಸೊತ್ತಿಲ್ಲ. ಕಾರಿನ ಫ್ಯಾನ್ ತೆಗೆದು, ಎದುರುಗಾಳಿ ಸಿಲಿಂಡರುಗಳ ಮೇಲೇ ಹರಿಯುವಂತೆ ತಗಡು ಬಾಗಿಸಿ ಕೂರಿಸುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದಿರಲೆಂದು ಕೆಲವರು ಪ್ರತಿ ಸಿಲಿಂಡರಿಗೂ ಎರಡನೇ ಸ್ಪಾರ್ಕ್ ಪ್ಲಗ್ ಹಾಕುವುದುಂಟು.

ಇಷ್ಟಾದರೂ ಮೂಲದಲ್ಲಿ ಅದು ಕಾರಿನ ಇಂಜಿನ್ನೇ. ರಸ್ತೆಯಲ್ಲಿ ಅದಕ್ಕೆ ಪೂರ್ತಿ ದುಡಿಯುವ ಪ್ರಸಂಗ ಕಡಿಮೆ; ವಿಮಾನವಾದರೋ ಗಂಟೆಗಟ್ಟಲೆ ಮುಕ್ಕಾಲು ಪಾಲು ಶಕ್ತಿ ಕೇಳುತ್ತದೆ. ಸಿಲಿಂಡರ್ ಹೆಡ್ ಅತಿಯಾಗಿ ಕಾದು ಎಕ್ಸಾಸ್ಟ್ ವಾಲ್ವ್ ಹಾಳಾಗುವುದು ಬೀಟಲಿನ ಹಳೇ ಕಾಯಿಲೆ. ಹೆಡ್ಡಿನ ಶಾಖ ತೋರಿಸುವ ಮೀಟರಿಗೆ ಜಿಪುಣತನ ಮಾಡುವವರು ಈ ದಾರಿಗೆ ಬರಬಾರದು.

ನನ್ನ ಕೇಳಿದರೆ, ಕೈಗೆ ಗ್ರೀಸ್ ಮೆತ್ತಿಕೊಳ್ಳುವುದೇ ಖುಷಿ ಎನ್ನುವವರಿಗೆ ಇದು ಒಳ್ಳೆಯ ವಿದ್ಯೆ. ಬರೀ ಹಾರುವ ಆಸೆಯಿದ್ದರೆ ವಿಮಾನಕ್ಕೆಂದೇ ಮಾಡಿದ ರೋಟ್ಯಾಕ್ಸ್, ಜಬಿರುಗಳೇ ಮೇಲು. ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್ ವಿಮಾನಗಳಿಗೂ ಅಂಥ ಇಂಜಿನ್ನುಗಳನ್ನೇ ಕೂರಿಸಿದ್ದರು.