ಗಲ್ಲಾದಾಗಿನ ಬನ್ನಿ ಬಂಗಾರ

ಅಸುಂಡಿ: ದಸರಾ ಬಂತೆಂದರೆ ಇಲ್ಲಿಂದ ಗದಗ ಪ್ಯಾಟಿತನಕ ಒಂದೇ ಮಾತು: "ಬನ್ನಿ ತಗೊಂಡು ಬಂಗಾರದಂಗ ಇರೂಣು." ನಾಲ್ಕು ಎಲೆ ಗಲ್ಲಾದಾಗ ಬಿದ್ದರೆ ವರ್ಷವಿಡೀ ವ್ಯಾಪಾರ ಚಲೋ ಎಂಬ ನಂಬಿಗೆ ಅಂಗಡಿಕಾರರದು. ಇದು ಬಂದದ್ದೆಲ್ಲಿಂದ?

ಕಥೆಗಳು ಎರಡು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧ ಬಚ್ಚಿಟ್ಟದ್ದು ಬನ್ನಿ ಗಿಡದಲ್ಲಿ. ಗುರುದಕ್ಷಿಣೆಗೆ ಪರದಾಡಿದ ಕೌತ್ಸನಿಗಾಗಿ, ರಘುರಾಜನಿಗೆ ಅಂಜಿ ಕುಬೇರ ಬಂಗಾರದ ಮಳೆ ಸುರಿಸಿದ್ದೂ ಇದರ ಮೇಲೇ ಅಂತ.

ರೈತನ ಲೆಕ್ಕ ಬೇರೆ. ಬನ್ನಿಯ ಬೇರು ಬಲು ಆಳ, ಬರಗಾಲದಲ್ಲೂ ಹಸಿರು. ತಪ್ಪಲು ದನಕ್ಕೆ ಮೇವು, ಬುಡದ ಮಣ್ಣಿಗೆ ಸತ್ವ. ರಾಜಸ್ಥಾನದ ಖೇಜಡ್ಲಿಯಲ್ಲಿ 1730ರಲ್ಲಿ ಇದೇ ಗಿಡ ಉಳಿಸಲು 363 ಬಿಷ್ಣೋಯಿಗಳು ಜೀವ ಕೊಟ್ಟರು.

ಬನ್ನಿ ಮುರಿಯಲು ಹೋಗಿ ಟೊಂಗೆಗಳನ್ನೇ ಕಡಿದು ತರುವವರು ಯೋಚಿಸಲಿ. ನಾಲ್ಕು ಎಲೆಗೆ ಗಿಡವೇ ಹೋದರೆ ಮುಂದಿನ ದಸರಾಕ್ಕೆ ಬಂಗಾರ ಎಲ್ಲಿಂದ ತರೂದು?