ಸ್ಕ್ರೂಡ್ರೈವರ್ ಅಂಟದ ಸ್ಪೀಕರ್

ಸ್ಪೀಕರ್ ಅಂದಮೇಲೆ ಹಿಂದೊಂದು ಮ್ಯಾಗ್ನೆಟ್ ಇರಲೇಬೇಕು ಎಂದು ನಂಬಿದ್ದವಳು ನಾನು. ಹುಕ್ಕೇರಿಯ ಅಜ್ಜಿ ಮನೆಯ ಅಟ್ಟದಿಂದ ಇಳಿಸಿದ ಹಳೇ ರೇಡಿಯೊದ ಹಿಂಬದಿಯ ರಟ್ಟು ಬಿಚ್ಚಿದ ದಿನ ಆ ನಂಬಿಕೆ ಹೋಯಿತು. ಒಳಗೆ ಎರಡು ದೊಡ್ಡ ಸ್ಪೀಕರ್‌ಗಳಿದ್ದವು. ಹತ್ತಿರ ಒಯ್ದರೆ ಸಾಕು, ಸ್ಕ್ರೂಡ್ರೈವರನ್ನು ಟಕ್ಕನೆ ಎಳೆದುಕೊಳ್ಳುತ್ತಿದ್ದವು. ಅವುಗಳ ಪಕ್ಕದಲ್ಲಿ ಅಂಗೈಗಿಂತ ಚಿಕ್ಕದಾದ, ತೂತು ತೂತಿನ ತಗಡಿನ ಬಿಲ್ಲೆಯೊಂದಿತ್ತು. ಅದಕ್ಕೂ ಎರಡು ವಯರ್ ಬಂದಿದ್ದವು. ಆದರೆ ಸ್ಕ್ರೂಡ್ರೈವರ್ ಅದಕ್ಕೆ ಅಂಟಲೇ ಇಲ್ಲ. ಮ್ಯಾಗ್ನೆಟ್ ಇಲ್ಲ, ಕಾಯಿಲ್ ಇಲ್ಲ, ಕಾಗದದ ಕೋನ್ ಇಲ್ಲ. ಹಾಗಾದರೆ ಇದು ಹಾಡುವುದು ಹೇಗೆ?

ಆ ರೇಡಿಯೊ ಜರ್ಮನಿಯ ಗ್ರುಂಡಿಗ್ ಕಂಪನಿಯದು, 1950ರ ದಶಕದ ವಾಲ್ವ್ ಸೆಟ್. ಅಜ್ಜ ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ಕೆಲಸಕ್ಕಿದ್ದರು. 1887ರಲ್ಲಿ ಶುರುವಾದ, ಘಟಪ್ರಭೆಯ ನೀರಿನ ಬಲದಿಂದಲೇ ಯಂತ್ರ ತಿರುಗಿಸಿದ ಗಿರಣಿ ಅದು. ಅಲ್ಲಿ ಯಾರೋ ಊರು ಬಿಟ್ಟು ಹೋಗುವಾಗ ಮಾರಿದ ಸೆಟ್ಟನ್ನು ಅಜ್ಜ ಕೊಂಡಿದ್ದರಂತೆ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಕರೆಂಟು ಮನೆಗೆ ಬಂದ ಮೇಲೆ ಅದು ಫಾಲ್ಸ್‌ನಿಂದ ಹುಕ್ಕೇರಿಗೆ ಬಂತು. ಸೆಟ್ಟಿನ ಜೊತೆಗೆ ಅಟ್ಟದಲ್ಲಿ ಒಂದು ಸಣ್ಣ ಪುಸ್ತಕವೂ ಸಿಕ್ಕಿತು. ಪೋಸ್ಟ್ ಆಫೀಸಿನಲ್ಲಿ ವರ್ಷವರ್ಷವೂ ಹಣ ಕಟ್ಟಿದ ರೇಡಿಯೊ ಲೈಸನ್ಸ್!

ಮನೆ ರಿಪೇರಿ ಶುರುವಾಗುವುದಿತ್ತು. ಮೋಡಕಾದವನು 300 ರೂಪಾಯಿ ಹೇಳಿ ಹೋಗಿದ್ದ. ‘ಸುಮ್ನ ಜಾಗಾ ತಿಂತೈತಿ, ಹಾಕಿಬಿಡೂಣು’ ಎಂದರು ಮಾಮಾ. ಅಜ್ಜಿ ಬೇಡ ಎನ್ನಲಿಲ್ಲ. ‘ಧಾರವಾಡ ಒಮ್ಮೆ ಹಚ್ಚಿ ಕೇಳಿ ಆಮ್ಯಾಲ ಹಾಕ್ರಿ’ ಎಂದರು ಅಷ್ಟೇ. ನಾನು ದೀಪಾವಳಿಯ ತನಕ ಸಮಯ ಕೇಳಿಕೊಂಡೆ. ಕೈಯಲ್ಲಿ ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ್ದ ಸಾವಿರ ರೂಪಾಯಿ ಇತ್ತು.

ಬಾಚಣಿಕೆಯ ವಿಜ್ಞಾನ

ಮ್ಯಾಗ್ನೆಟ್ ಇಲ್ಲದ ಆ ಬಿಲ್ಲೆಯ ಹೆಸರು ಎಲೆಕ್ಟ್ರೋಸ್ಟ್ಯಾಟಿಕ್ ಟ್ವೀಟರ್. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಕೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲ, ಅದೇ ಸ್ಥಿರವಿದ್ಯುತ್ತಿನ ಬಲವೇ ಇಲ್ಲಿ ದುಡಿಯುವುದು. ತೂತಿನ ಲೋಹದ ಫಲಕದ ಮೇಲೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿದಿರುತ್ತದೆ. ಹಾಳೆಯ ಹೊರಮೈಗೆ ಲೋಹದ ಲೇಪ. ಒಟ್ಟಿನಲ್ಲಿ ಅದೊಂದು ಕೆಪ್ಯಾಸಿಟರ್. ವೋಲ್ಟೇಜ್ ಏರಿಳಿದಂತೆ ಹಾಳೆಯ ಮೇಲಿನ ಎಳೆತವೂ ಏರಿಳಿದು, ಹಾಳೆ ಅಲುಗಿ ಗಾಳಿಯನ್ನು ಅಲುಗಿಸುತ್ತದೆ.

ಇದರಲ್ಲೊಂದು ತೊಡಕಿದೆ. ಎರಡು ಫಲಕಗಳ ನಡುವಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಧನವಾಗಲಿ ಋಣವಾಗಲಿ, ಅವು ಪರಸ್ಪರ ಎಳೆಯುತ್ತವೆಯೇ ಹೊರತು ತಳ್ಳುವುದಿಲ್ಲ. ಬರೀ ಹಾಡಿನ ಸಿಗ್ನಲ್ ಕೊಟ್ಟರೆ ಹಾಳೆ ಪ್ರತಿ ಸೈಕಲ್‌ಗೆ ಎರಡು ಸಲ ಅಲುಗುತ್ತದೆ. 1000 ಹರ್ಟ್ಸ್ ಕೊಟ್ಟರೆ 2000 ಹರ್ಟ್ಸ್ ಕೇಳುತ್ತದೆ. ಅದಕ್ಕೇ ಮೊದಲು ಇನ್ನೂರೈವತ್ತು ವೋಲ್ಟಿನಷ್ಟು ಡಿಸಿ ಕೊಟ್ಟು ಹಾಳೆಯನ್ನು ಒಂದೇ ಕಡೆ ಎಳೆದಿಟ್ಟಿರುತ್ತಾರೆ. ಹಾಡಿನ ಸಿಗ್ನಲ್ ಅದರ ಮೇಲೆ ಕೂತು ಆ ಎಳೆತವನ್ನು ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಮಾಡುತ್ತದೆ. ವಾಲ್ವ್ ರೇಡಿಯೊದಲ್ಲಿ ಅಷ್ಟು ವೋಲ್ಟೇಜ್ ಹೇಗೂ ಇರುತ್ತದೆ. ಹಾಗಾಗಿ ಆ ಕಾಲದ ಜರ್ಮನ್ ಕಂಪನಿಗಳು ಮೇಲಿನ ಸ್ವರಗಳಿಗೆಂದು ಈ ಅಗ್ಗದ ಟ್ವೀಟರ್ ಹಾಕುತ್ತಿದ್ದವು.

1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಕಂಪನಿ ಇದೇ ತತ್ವದ ಮೇಲೆ ಪೂರ್ಣ ಪ್ರಮಾಣದ ಸ್ಪೀಕರನ್ನೇ ಮಾರುಕಟ್ಟೆಗೆ ತಂದಿತು. ಅದರ ಬಾಸ್ ಹಾಳೆಗೆ ಸುಮಾರು 6000 ವೋಲ್ಟ್ ಬೇಕು. ಇಂದಿಗೂ ಅದನ್ನು ಹುಡುಕಿ ಕೊಂಡು, ಹೊಸ ಹಾಳೆ ಹಾಕಿ ಕೇಳುವವರಿದ್ದಾರೆ. ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ಆದರೆ ಅದರ ಬಡ ತಂಗಿ ನಮ್ಮ ಅಜ್ಜಿಯ ಅಟ್ಟದಲ್ಲೇ ಇತ್ತಲ್ಲ!

‘ಮದಲ ಅಳತಿ ಮಾಡವಾ’

ಹೊಸ ಉತ್ಸಾಹದಲ್ಲಿ ಮೊದಲು ಮಾಡಿದ್ದೇ ತಪ್ಪು ಕೆಲಸ. ಹಳೇ ಪೇಪರ್ ಕೆಪ್ಯಾಸಿಟರ್‌ಗಳನ್ನು ಬದಲಿಸಬೇಕೆಂದು ಓದಿ, ಅಗ್ಗವಾಗಿ ಸಿಕ್ಕವೆಂದು ಒಂದಷ್ಟು ಕೊಂಡು ತಂದೆ. ಅವುಗಳ ಮೇಲೆ 100 ವೋಲ್ಟ್ ಎಂದು ಬರೆದದ್ದನ್ನು ಗಮನಿಸಲಿಲ್ಲ. ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೆ ‘ಪಟ್’ ಎಂದು ಒಂದು ಸಿಡಿಯಿತು. 150 ರೂಪಾಯಿ ಹೊಗೆಯಾಯಿತು.

ಸೆಟ್ಟನ್ನು ಗೋಕಾಕಕ್ಕೆ ತಂದೆ. ನಮ್ಮ ಓಣಿಯ ಟಿ.ವಿ. ರಿಪೇರಿಯ ಕಾಕಾ ಒಂದು ಕಾಲಕ್ಕೆ ವಾಲ್ವ್ ರೇಡಿಯೊಗಳನ್ನೂ ರಿಪೇರಿ ಮಾಡಿದವರು. ಸಿಡಿದ ಕೆಪ್ಯಾಸಿಟರ್ ಕೈಯಲ್ಲಿ ಹಿಡಿದು ನಕ್ಕರು. ‘ಮದಲ ಅಳತಿ ಮಾಡವಾ, ಆಮ್ಯಾಲ ರೊಕ್ಕಾ ಹಾಕು’ ಎಂದರು.

ಅವರು ಮೊದಲು ಮಾಡಿಸಿದ್ದು ಸೀರಿಸ್ ಬೋರ್ಡ್. ಒಂದು ಹೋಲ್ಡರ್, ಹಳೇ ಕಾಲದ 60 ವ್ಯಾಟ್ ಬಲ್ಬ್, ಒಂದು ಸಾಕೆಟ್. ರೇಡಿಯೊಕ್ಕೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ರೇಡಿಯೊ ಉಳಿಯುತ್ತದೆ. ಬಲ್ಬ್ ಒಮ್ಮೆ ಹೊತ್ತಿ ಮಂದವಾದರೆ ಮುಂದುವರಿಯಬಹುದು. ತೊಂಬತ್ತು ರೂಪಾಯಿಯ ಈ ಬೋರ್ಡು ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಲಾಭದ ಖರ್ಚು.

ಆಮೇಲೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಭಾಗ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ನಾನು ‘ವಾಲ್ವ್ ಹೋಗಿರಬೇಕು, ಸಾವಿರಾರು ರೂಪಾಯಿ ಬೇಕು’ ಎಂದು ಹೆದರಿದ್ದೆ. ವಾಲ್ವ್‌ಗಳೆಲ್ಲ ಚೆನ್ನಾಗಿದ್ದವು. ತೊಂದರೆ ಇದ್ದದ್ದು ಕಡ್ಡಿಯಷ್ಟು ಸಣ್ಣ ಭಾಗಗಳಲ್ಲಿ. ಪೇಪರ್ ಕೆಪ್ಯಾಸಿಟರ್‌ಗಳು ತಡೆಯಬೇಕಾದ ಡಿಸಿಯನ್ನು ಸೋರಿಸುತ್ತಿದ್ದವು. ಅದರಿಂದ ಕೊನೆಯ ವಾಲ್ವ್ ಇಎಲ್84 ವಿಪರೀತ ಬಿಸಿಯಾಗುತ್ತಿತ್ತು. ಫಿಲ್ಟರ್ ಕೆಪ್ಯಾಸಿಟರ್‌ಗಳು ಒಣಗಿದ್ದವು. ಟ್ವೀಟರ್‌ನ ಹಾಳೆ ಹರಿದು ಶಾರ್ಟ್ ಆಗಿ, ಅದಕ್ಕೆ ಡಿಸಿ ಕೊಡುವ ರೆಸಿಸ್ಟರ್ ಸುಟ್ಟು ಕರ್ರಗಾಗಿತ್ತು.

ಈ ಸಲ 630 ವೋಲ್ಟಿನ ಕೆಪ್ಯಾಸಿಟರ್‌ಗಳನ್ನೇ ತಂದೆ. ಟ್ವೀಟರನ್ನು ಸದ್ಯಕ್ಕೆ ಬೇರ್ಪಡಿಸಿ, ಉಳಿದದ್ದನ್ನು ಬೆಸುಗೆ ಹಾಕಿ ಮುಗಿಸಿದೆ. ಸೀರಿಸ್ ಬಲ್ಬ್ ಹೊತ್ತಿ ಮಂದವಾಯಿತು. ಅರ್ಧ ನಿಮಿಷಕ್ಕೆ ಮುಂಭಾಗದ ಹಸಿರು ಕಣ್ಣು ಮಸುಕಾಗಿ ತೆರೆಯಿತು. ತಾಮ್ರದ ತಂತಿಯ ಏರಿಯಲ್ ಕಟ್ಟಿ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್ ಹತ್ತಿರ ಮುಳ್ಳು ತಿರುಗಿಸಿದೆ. 1950ರಿಂದ ಮಾತಾಡುತ್ತಿರುವ ಧಾರವಾಡ ಆಕಾಶವಾಣಿ ನಮ್ಮ ಗೋಕಾಕದ ಅಡುಗೆಮನೆಯಲ್ಲಿ ಮಾತಾಡಿತು.

ಚಿಪ್ಸ್ ಪ್ಯಾಕೆಟ್, ಕಸೂತಿ ಚೌಕಟ್ಟು

ಈಗ ಉಳಿದದ್ದು ಟ್ವೀಟರ್. ‘ಅರವತ್ತು ರೂಪಾಯಿಗೆ ಪೀಝೋ ಟ್ವೀಟರ್ ಸಿಗತೈತಿ, ಹಾಕು’ ಎಂದರು ಕಾಕಾ. ತಂದು ಹಾಕಿದೆ. ಹಾಡಿತು, ಆದರೆ ಸ್ವರ ಚುಚ್ಚುತ್ತಿತ್ತು. ಹಳೆಯದನ್ನೇ ಬದುಕಿಸೋಣ ಎನಿಸಿತು.

ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಎಲ್ಲಿ ಸಿಗುತ್ತದೆ? ಹತ್ತು ರೂಪಾಯಿಯ ಚಿಪ್ಸ್ ಪ್ಯಾಕೆಟ್ ತಿಂದು, ಒರೆಸಿ, ಮೀಟರ್ ಹಿಡಿದೆ. ಒಳಗೂ ಹೊರಗೂ ಕರೆಂಟು ಹರಿಯುವುದಿಲ್ಲ! ಲೋಹದ ಪದರ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಮೇಲಾಗಿ ಅದು ದಪ್ಪ. ಕೊನೆಗೆ ಚಾರಣಿಗರು ಚಳಿಗೆ ಹೊದೆಯುವ ಬೆಳ್ಳಿಬಣ್ಣದ ಎಮರ್ಜೆನ್ಸಿ ಬ್ಲ್ಯಾಂಕೆಟ್ ಆನ್‌ಲೈನ್‌ನಲ್ಲಿ 120 ರೂಪಾಯಿಗೆ ಸಿಕ್ಕಿತು. ಅದು ಲೋಹ ಲೇಪಿಸಿದ ಪಾಲಿಯೆಸ್ಟರ್. ಒಂದು ಮೈಯಲ್ಲಿ ಕರೆಂಟು ಹರಿಯಿತು, ಇನ್ನೊಂದರಲ್ಲಿ ಇಲ್ಲ. ನನಗೆ ಬೇಕಾದದ್ದೂ ಅದೇ.

ದಪ್ಪ ಎಷ್ಟು? ಕಾಲೇಜಿನ ಸ್ಕ್ರೂ ಗೇಜ್ 10 ಮೈಕ್ರಾನ್‌ಗಿಂತ ಕಡಿಮೆ ತೋರಿಸುವುದಿಲ್ಲ. ಹಾಳೆಯನ್ನು ನಾಲ್ಕು ಸಲ ಮಡಿಚಿದೆ, 16 ಪದರವಾಯಿತು. ಅಳತೆ 0.20 ಮಿ.ಮೀ. ಹದಿನಾರರಿಂದ ಭಾಗಿಸಿದರೆ ಸುಮಾರು 12 ಮೈಕ್ರಾನ್. ಮೂಲ ಹಾಳೆಗಿಂತ ಸ್ವಲ್ಪ ಭಾರವಾದರೂ ನಡೆಯುತ್ತದೆ ಎನಿಸಿತು.

ಸುಕ್ಕಿಲ್ಲದೆ ಬಿಗಿಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮೂರು ಸಲ ಸೋತೆ. ನಾಲ್ಕನೇ ಸಲ ಅವ್ವನ ಕಸೂತಿಯ ಚೌಕಟ್ಟು ಕೈಗೆ ಬಂತು. ಬಟ್ಟೆ ಬಿಗಿಯುವ ಅದೇ ಎರಡು ಬಳೆಗಳ ನಡುವೆ ಹಾಳೆ ಬಿಗಿದು, ಲೋಹದ ಮೈ ಹೊರಗೆ ಬರುವಂತೆ ಫಲಕದ ಮೇಲಿಟ್ಟು, ಸುತ್ತಲ ರಿಂಗ್ ಕೂರಿಸಿದೆ. ಲ್ಯಾಬಿನ ಮೀಟರಿನಲ್ಲಿ 1.2 ನ್ಯಾನೋಫ್ಯಾರಡ್ ತೋರಿಸಿತು, ಶಾರ್ಟ್ ಇರಲಿಲ್ಲ. ಹೊಸ ರೆಸಿಸ್ಟರ್ ಹಾಕಿ ಜೋಡಿಸಿದೆ. ಟ್ವೀಟರಿನ ಮೇಲೆ 240 ವೋಲ್ಟ್ ಡಿಸಿ ಬಂತು.

ವ್ಯತ್ಯಾಸವೇ ಇಲ್ಲ!

ಧಾರವಾಡ ಹಚ್ಚಿದೆ. ಟ್ವೀಟರ್ ಇದ್ದರೂ ಅಷ್ಟೇ, ವಯರ್ ಬಿಚ್ಚಿದರೂ ಅಷ್ಟೇ. ಹದಿನೈದು ದಿನದ ಕೆಲಸ ನೀರಲ್ಲಿ ಹೋಮ ಆಯಿತು ಎಂದುಕೊಂಡೆ. ಅಳುವೇ ಬಂತು.

ಮತ್ತೆ ಕಾಕಾನ ಮಾತು ನೆನಪಾಯಿತು. ಅಳತೆ ಎಂದರೆ ರೇಡಿಯೊದ ಅಳತೆ ಮಾತ್ರವಲ್ಲ, ಅದಕ್ಕೆ ಬರುವ ಸಿಗ್ನಲ್ಲಿನ ಅಳತೆಯೂ ಹೌದು. ನಮ್ಮ ದೇಶದಲ್ಲಿ ಮೀಡಿಯಂ ವೇವ್ ನಿಲಯಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಿದ್ದಾರೆ. ಅದರಲ್ಲಿ ಸ್ವಚ್ಛವಾಗಿ ಕೇಳುವುದು ಹೆಚ್ಚೆಂದರೆ ನಾಲ್ಕೈದು ಕಿಲೋಹರ್ಟ್ಸ್‌ವರೆಗಿನ ಸ್ವರ. ನನ್ನ ಟ್ವೀಟರ್ ದುಡಿಯಲು ಶುರು ಮಾಡುವುದೇ ಸುಮಾರು ಏಳರ ಮೇಲೆ. ಬಾರದ ಸ್ವರವನ್ನು ಅದು ಎಲ್ಲಿಂದ ಹಾಡೀತು?

ರೇಡಿಯೊದ ಹಿಂದೆ ಗ್ರಾಮಫೋನ್ ಜೋಡಿಸುವ ತೂತುಗಳಿದ್ದವು. ಅವಕ್ಕೆ ಮೊಬೈಲ್ ಜೋಡಿಸಿದೆ. ನನ್ನ ಗೆಳತಿಯ ಊರು ಮೂಡಲಗಿ ತಾಲ್ಲೂಕಿನ ಕುಲಗೋಡ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಮನೆಮಾತು ಮಾಡಿದ ಕುಲಗೋಡ ತಮ್ಮಣ್ಣನ ಊರು ಅದು. ಅವಳು ರಂಗದ ಹತ್ತಿರವೇ ಕೂತು ರೆಕಾರ್ಡ್ ಮಾಡಿ ಕಳಿಸಿದ್ದ ಪಾರಿಜಾತದ ತುಣುಕು ಹಚ್ಚಿದೆ. ಹಾರ್ಮೋನಿಯಂ, ತಬಲಾ ದೊಡ್ಡ ಸ್ಪೀಕರ್‌ಗಳಲ್ಲಿ ಬಂದವು. ಟ್ವೀಟರಿನ ವಯರ್ ತಾಗಿಸಿದೆ. ತಾಳದ ಅಂಚು ಬಿಡಿಸಿಕೊಂಡಿತು. ಗೆಜ್ಜೆಯ ಒಂದೊಂದು ಕಾಳೂ ಬೇರೆ ಬೇರೆ ಕೇಳಿತು. ವಯರ್ ಬಿಚ್ಚಿದರೆ ಅವುಗಳ ಮೇಲೆ ಕಂಬಳಿ ಹೊದಿಸಿದಂತೆ. ಹತ್ತಾರು ಸಲ ತಾಗಿಸಿ, ಬಿಚ್ಚಿ ಕೇಳಿದೆ.

ದೀಪಾವಳಿಗೆ ರೇಡಿಯೊ ಹುಕ್ಕೇರಿಗೆ ಹೋಯಿತು. ಪಾರಿಜಾತ ಹಚ್ಚಿ, ಟ್ವೀಟರ್ ಇದ್ದಾಗ, ಇಲ್ಲದಾಗ ಎಂದು ಅಜ್ಜಿಗೆ ಎರಡೂ ಕೇಳಿಸಿದೆ. ‘ಎರಡೂ ಒಂದ ಐತಲ್ಲವಾ’ ಎಂದರು. ಅಜ್ಜಿಗೆ ಎಂಬತ್ತು ದಾಟಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಆ ಮೇಲಿನ ಸ್ವರಗಳನ್ನು. ಆದರೆ ಸಂಜೆ ಧಾರವಾಡದಿಂದ ವಾರ್ತೆ ಶುರುವಾದಾಗ ಅವರು ಕುರ್ಚಿ ಎಳೆದುಕೊಂಡು ಕೂತರು. ಅಜ್ಜ ಇದೇ ಸೆಟ್ಟಿನ ಮುಂದೆ ಕೂತು ಕೌಜಲಗಿ ನಿಂಗಮ್ಮನವರ ಪಾರಿಜಾತ ನೋಡಿದ ಕಥೆ ಹೇಳುತ್ತಿದ್ದುದನ್ನು ನೆನೆಸಿಕೊಂಡರು. ಅವರಿಗೆ ಬೇಕಿದ್ದ ರೇಡಿಯೊ ಕೆಲವು ನೂರು ರೂಪಾಯಿಯ ಕೆಪ್ಯಾಸಿಟರ್‌ಗಳಿಂದ ಎಂದೋ ಸಿದ್ಧವಾಗಿತ್ತು. ಟ್ವೀಟರ್ ಮಾಡಿದ್ದು ನನಗಾಗಿ. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕೈ ಹಾಕುವ ಮುನ್ನ

ಒಟ್ಟು ಖರ್ಚು 930 ರೂಪಾಯಿ. ಅದರಲ್ಲಿ ಸಿಡಿದ ಕೆಪ್ಯಾಸಿಟರ್‌ಗಳು, ಪೀಝೋ, ಚಿಪ್ಸ್ ಸೇರಿ 220 ನನ್ನ ಅವಸರದ ಬೆಲೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಸೆಟ್ ಇದ್ದರೆ ಮೊದಲು ಈ ಮಾತು ಕೇಳಿ. ಪ್ಲಗ್ ಕಿತ್ತ ಮೇಲೂ ವಾಲ್ವ್ ರೇಡಿಯೊದ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡದೆ ಮುಟ್ಟಬೇಡಿ. ಒಬ್ಬರೇ ಇದ್ದಾಗ ಮಾಡಬೇಡಿ. ನಮ್ಮ ಸೆಟ್ಟಿನಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇದ್ದುದರಿಂದಲೇ ಮೊಬೈಲ್ ಜೋಡಿಸಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್‌ಗಳಲ್ಲಿ ಚಾಸಿಗೇ ಮೇನ್ಸ್ ಕರೆಂಟು ಬರಬಹುದು. ಅಂಥದ್ದಕ್ಕೆ ಏನನ್ನೂ ಜೋಡಿಸಬಾರದು. ಹಳೇ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಊರುಗಳಲ್ಲಿ ಅಂಥವರು ಇನ್ನೂ ಇದ್ದಾರೆ.

ಕಾಲೇಜಿನ ಲ್ಯಾಬಿನಲ್ಲಿ ಕೊಡುವ ಸರ್ಕ್ಯೂಟ್ ಸರಿಯಾಗಿಯೇ ಇರುತ್ತದೆ. ಉತ್ತರ ಎಷ್ಟು ಬರಬೇಕೆಂದು ರೆಕಾರ್ಡ್ ಪುಸ್ತಕದಲ್ಲೇ ಇರುತ್ತದೆ. ಕೆಟ್ಟದ್ದು ಎಲ್ಲಿ ಎಂದು ಗೊತ್ತಿಲ್ಲದೆ ಶುರು ಮಾಡುವ ಕೆಲಸ ನನಗೆ ಮೊದಲು ಸಿಕ್ಕಿದ್ದು ಈ ರೇಡಿಯೊದಲ್ಲಿ. ಸಂದರ್ಶನದಲ್ಲಿ ಯಾರಾದರೂ ‘ನೀವೇ ಮಾಡಿದ ಒಂದು ಕೆಲಸ ಹೇಳಿ’ ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ, ಸಿಡಿದ ಕೆಪ್ಯಾಸಿಟರ್ ಸಮೇತ.

ಮಾಮಾ ಆಮೇಲೆ ಮೋಡಕಾದವನ ಸುದ್ದಿ ತೆಗೆಯಲಿಲ್ಲ. ಹೊಸದಾಗಿ ಬಳಿದ ಗೋಡೆಯ ಗೂಡಿನಲ್ಲಿ ರೇಡಿಯೊಕ್ಕೆ ಜಾಗವಾಗಿದೆ. ಮೊನ್ನೆ ಪಕ್ಕದ ಮನೆಯವರು ತಮ್ಮ ಹಳೇ ಮರ್ಫಿ ಸೆಟ್ ಹೊತ್ತು ತಂದು, ‘ಎಷ್ಟ ಖರ್ಚ ಬರತೈತಿ?’ ಎಂದು ಕೇಳಿದರು. ‘ಮದಲ ಅಳತಿ ಮಾಡತೀನ್ರಿ’ ಎಂದೆ.